ಕರೆದರೆ ಬರುತ್ತಿದ್ದ ಚಿಗರಿ

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಝಳಕಿ ಕಡೆಯ ನಮ್ಮ ಹೊಲಕ್ಕೆ ಜಿಂಕೆ, ನಮ್ಮ ಮಾತಿನಲ್ಲಿ ಚಿಗರಿ, ಬರುವುದು ದೊಡ್ಡ ಮಾತಾಗಿರಲಿಲ್ಲ. ಜೋಳದ ರಾಶಿ ಮುಗಿದು ಎರೆ ಭೂಮಿ ಬಿರಿಯುವ ಹೊತ್ತಿಗೆ ಹಿಂಡುಗಟ್ಟಿ ಬರುತ್ತಿದ್ದವು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾವಿಯ ಹತ್ತಿರ ಎತ್ತುಗಳಿಗೆಂದು ಕಲ್ಲಿನ ದೋಣಿಯಲ್ಲಿ ನೀರು ತುಂಬಿಡುತ್ತಿದ್ದಳು. ಮೊದಲು ಚಿಗರಿಗಳು ದೂರ ನಿಂತವು; ಬರಬರುತ್ತ ಎತ್ತುಗಳ ಪಕ್ಕದಲ್ಲೇ ಮೂತಿ ಇಟ್ಟು ಕುಡಿದವು. ಒಂದು ಹೆಣ್ಣು ಚಿಗರಿಯಂತೂ ನಾನು "ಬಾ, ಬಾ" ಅಂದರೆ ಬಂದು ಅಂಗೈಯ ಜೋಳ ನೆಕ್ಕುತ್ತಿತ್ತು. ಬಿಸಿ, ಒರಟು ನಾಲಿಗೆ. ನನಗಾಗ ಒಂಬತ್ತು ವರ್ಷ. ಓಣಿಯ ಹುಡುಗಿಯರ ಮುಂದೆಲ್ಲ ಅದೇ ಜಂಬ.

ಆ ಬೇಸಿಗೆ ಚಡಚಣದಿಂದ ಸೋದರಮಾವ ಬಂದೂಕು ಹಿಡಿದು ಬಂದ. ನಮ್ಮದು ಕುರಿ ಕಾಯುವ ಮನೆತನ, ಮಾಂಸ ಹೊಸದಲ್ಲ. ಮಾವ ದಿನವಿಡೀ ಅಲೆದು ಚಿಗರಿ ಹೊಡೆದು ತಂದರೆ ಆಯಿಯೇ ಖಾರ ಅರೆಯುತ್ತಿದ್ದಳು. ಈ ಸಲ ಎರಡು ದಿನ ಬರಿಗೈಲಿ ತಿರುಗಿ ಬಂದಿದ್ದ.

"ನೀ ಕರದ್ರ ಬರ್ತೈತಂತಲ್ಲವಾ? ಕರಿ ನೋಡೂಣು."

ಹೆಗಲ ಮೇಲಿನ ಬಂದೂಕು ನನಗೆ ಕಾಣುತ್ತಿತ್ತು. ಆದರೂ ಕರೆದೆ. ಮಾವನಿಗೆ ತೋರಿಸುವ ಹುರುಪು.

ಅದು ಬಂತು. ಬಂದೂಕು ಎತ್ತಿದಾಗಲೂ ನನ್ನ ಕೈಯನ್ನೇ ನೋಡುತ್ತಿತ್ತು.

ಗುಂಡಿನ ಸದ್ದಿಗೆ ಆಯಿ ಓಡಿ ಬಂದಳು. "ಬೆನ್ನ ಹತ್ತಿ ಹೊಡದ್ರ ಬ್ಯಾಟಿ ಅಂತಾರೋ ತಮ್ಮಾ. ಕರದು ಹೊಡದ್ರ ಏನಂತಾರ?"

"ಎಲ್ಲಾ ಚಿಗರೀನ ಅಲ್ಲೇನ್ರಿ ಅತ್ತಿ? ಹ್ವಾದ ವರ್ಷ ನೀವೂ ತಿಂದೀರಿ," ಅಂದ ಮಾವ.

"ತಿಂದೇನಿ. ಅದು ನಮ್ಮನ್ನ ನಂಬಿದ್ದಿಲ್ಲ."

ಆಯಿ ಅಂದು ಒಲೆ ಹಚ್ಚಲಿಲ್ಲ. ಮಾವ ಅಂಗಳದಲ್ಲಿ ಮೂರು ಕಲ್ಲಿಟ್ಟು ತಾನೇ ಬೇಯಿಸಿದ. ಅಳುತ್ತ ಕೂತಿದ್ದ ನನಗೆ ಆ ವಾಸನೆಗೆ ಹಸಿವಾಯಿತು. ಬೆಳಗಿನ ರೊಟ್ಟಿ ಹಿಡಿದು ಹೋಗಿ ತಿಂದೆ. ರುಚಿಯಾಗಿಯೇ ಇತ್ತು.

ಮರುದಿನ ಸಂಜೆ ಉಳಿದ ಚಿಗರಿಗಳು ಮತ್ತೆ ನೀರಿಗೆ ಬಂದವು. ಆಯಿ ಮಣ್ಣಿನ ಹೆಂಟೆ ಆರಿಸಿ ಅವುಗಳತ್ತ ಬೀಸತೊಡಗಿದಳು. ನಾನು ಅವಳ ಸೆರಗು ಜಗ್ಗಿದೆ.

"ಕುಡೀಲಿ ಬಿಡ ಆಯಿ!"

"ನಮ್ಮನ್ನ ಕಂಡ್ರ ಓಡೂದು ಕಲೀಲಿ. ಇಲ್ಲಾಂದ್ರ ಒಂದೂ ಉಳಿಯೂದಿಲ್ಲ. ನೀನೂ ಒಗಿ."

ನಾನೂ ಒಗೆದೆ. ಅವು ಸ್ವಲ್ಪ ದೂರ ಹೋಗಿ ತಿರುಗಿ ನೋಡುತ್ತಿದ್ದವು, ಮತ್ತೆ ಬರುತ್ತಿದ್ದವು. ಬರುವುದನ್ನು ಬಿಡಲು ಎಂಟು ದಿನ ಹಿಡಿಯಿತು.

ಈಗ ಅಲ್ಲಿ ದ್ರಾಕ್ಷಿ ತೋಟ, ಸುತ್ತ ತಂತಿ ಬೇಲಿ. ಕಾಡುಪ್ರಾಣಿಯೊಂದು ತಾನಾಗಿ ಮನುಷ್ಯರ ಹತ್ತಿರ ಬಂದು ನಿಂತದ್ದನ್ನು ನಾನು ಆಮೇಲೆಂದೂ ನೋಡಲಿಲ್ಲ. ಎಂದಾದರೊಮ್ಮೆ ರಸ್ತೆಯಿಂದ ನಾಲ್ಕೈದು ಚಿಗರಿ ಕಾಣುತ್ತವೆ; ಗಾಡಿ ನಿಲ್ಲಿಸುವಷ್ಟರಲ್ಲಿ ಮಾಯ. ಜೊತೆಗಿದ್ದವರು ಛೇ ಅನ್ನುತ್ತಾರೆ. ಓಡಲಿ, ಅಂದುಕೊಳ್ಳುತ್ತೇನೆ ನಾನು. ಆದರೆ ಗಾಡಿ ಮತ್ತೆ ಹೊರಟ ಮೇಲೂ ತಿರುಗಿ ತಿರುಗಿ ನೋಡುತ್ತೇನೆ.