ನಾನು ನೋಡದ ನಾಯಿಗಳು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೊದಲ ವರ್ಷಗಳವು. ಹೊಸದಾಗಿ ಸೇರಿದ ಜಿಲ್ಲೆಗಳ ಕರಕುಶಲ ವಸ್ತುಗಳನ್ನು ಚಿತ್ರಗಳಲ್ಲಿ ದಾಖಲಿಸಬೇಕೆಂದು ಇಲಾಖೆಯೊಂದು ಕಲಾಶಾಲೆಗಳ ವಿದ್ಯಾರ್ಥಿಗಳಿಗೆ ನಾಲ್ಕು ತಿಂಗಳ ಸ್ಟೈಪೆಂಡ್ ಕೊಡುತ್ತಿತ್ತು. ನಾನೂ ಅರ್ಜಿ ಹಾಕಿದೆ. ಹೆಸರಿನ ಬದಲು ಇನಿಷಿಯಲ್ ಬರೆದಿದ್ದರಿಂದ ನಾನು ಹೆಣ್ಣೆಂದು ಅವರಿಗೆ ತಿಳಿಯಲಿಲ್ಲವೆಂದು ಕಾಣುತ್ತದೆ. ಮೂರ್ನಾಡಿನ ಹತ್ತಿರದ ಒಂದು ದೇವರ ಕಾಡಿನಲ್ಲಿ ಜನ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ರಾಶಿಯಾಗಿ ಬಿದ್ದಿವೆ, ಅವುಗಳಲ್ಲಿ ನೂರನ್ನು ಅಳತೆ ಸಮೇತ ಬರೆದು ತರಬೇಕು ಎಂದು ಆದೇಶ ಬಂತು.

ಜನವರಿಯಲ್ಲಿ ಬಸ್ಸಿಳಿದೆ. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾದ ಒಬ್ಬರ ಮನೆಯಲ್ಲಿ ನನಗೊಂದು ಕೋಣೆ ಗೊತ್ತಾಗಿತ್ತು. ಅರೆಭಾಷೆ ಆಡುವ ಗೌಡರು, ಗಂಡ, ಹೆಂಡತಿ ಇಬ್ಬರೇ. ಮಾರನೆಯ ದಿನ ಬೆಳಿಗ್ಗೆ ಬೋರ್ಡು, ಪೆನ್ಸಿಲು ಹಿಡಿದು ಕಾಡಿನ ಅಂಚಿಗೆ ಹೋದೆ. ಅಲ್ಲಿದ್ದ ತಕ್ಕರು, ಅಂದರೆ ದೇವರ ಕೆಲಸ ನೋಡಿಕೊಳ್ಳುವ ಹಿರಿಯರು, ನನ್ನನ್ನು ಕೂರಿಸಿ ಮಜ್ಜಿಗೆ ಕೊಡಿಸಿದರು. ಆಮೇಲೆ, ಈ ಕಾಡಿನೊಳಗೆ ಹೆಂಗಸರು ಹೋಗುವ ಪದ್ಧತಿಯಿಲ್ಲ ಎಂದು ಮೆಲ್ಲಗೆ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ.

ಕಲಾಶಾಲೆಯ ನನ್ನ ಮೇಷ್ಟರಿಗೆ ಕಾಗದ ಬರೆದೆ. ಹೇಗಾದರೂ ಹೊಂದಿಸಿಕೊಳ್ಳಬೇಕು, ಆಗದಿದ್ದರೆ ತಿಳಿಸಬೇಕು, ಬೇರೆ ಹುಡುಗನನ್ನು ಕಳಿಸುತ್ತೇನೆ ಎಂದು ಉತ್ತರ ಬಂತು. ಅದನ್ನು ಜಗಲಿಯಲ್ಲಿ ಕೂತು ಎರಡು ಸಲ ಓದಿದೆ. ಏನು ವಿಷಯವೆಂದು ರೈಟರು ಕೇಳಿದರು. ಹೇಳಿದೆ. ಅವರು ಎಲೆಯಡಿಕೆ ಉಗಿದು ಬಂದು, ಅಳೆಯುವುದು ತಾನೇ, ಅದನ್ನು ನಾನು ಮಾಡುತ್ತೇನೆ, ಮೂವತ್ತು ವರ್ಷ ಎಸ್ಟೇಟಿನಲ್ಲಿ ಅಳೆದವನೇ ನಾನು ಎಂದರು. ತಕ್ಕರೂ ಒಪ್ಪಿದರು.

ಹಾಗೆ ಕೆಲಸ ಶುರುವಾಯಿತು. ಕಾಡಿನ ಗಡಿಯಲ್ಲೊಂದು ಕಲ್ಲಿತ್ತು. ನಾನು ಅದರ ಮೇಲೆ ಬೋರ್ಡಿಟ್ಟುಕೊಂಡು ಕೂರುತ್ತಿದ್ದೆ. ಅವರು ದರ್ಜಿಯ ಟೇಪು ಹಿಡಿದು ಒಳಗೆ ಹೋಗಿ ಕೂಗುತ್ತಿದ್ದರು: ಮೂತಿಯಿಂದ ಬಾಲಕ್ಕೆ ಒಂಬತ್ತು ಇಂಚು, ಕಾಲು ನಾಲ್ಕು, ಹೊಟ್ಟೆ ಸುತ್ತ ಹನ್ನೊಂದು. ಮೊದಮೊದಲು ಬರೀ ಅಂಕಿ. ಅಂಕಿಯಿಂದ ನಾಯಿ ಆಗುವುದಿಲ್ಲ. ತಲೆ ಎತ್ತಿದೆಯೇ, ತಗ್ಗಿಸಿದೆಯೇ, ಬಾಯಿ ಹೇಗಿದೆ ಎಂದು ನಾನು ಕೂಗಿ ಕೇಳಬೇಕಾಗುತ್ತಿತ್ತು. ವಾರದ ಮೇಲೆ ಅವರಿಗೇ ಅಭ್ಯಾಸವಾಯಿತು. ಇದು ಬೈಸಿಕೊಂಡ ನಾಯಿ, ಇದು ಅನ್ನ ಕಂಡ ನಾಯಿ ಎನ್ನುವರು. ಗೆರೆ ಎಳೆಯಲು ಇಂಚಿಗಿಂತ ಆ ಮಾತೇ ನನಗೆ ಹೆಚ್ಚು ಅನುಕೂಲವಾಗುತ್ತಿತ್ತು.

ಆದರೂ ಸಾಕಾಗಿಹೋಗುತ್ತಿತ್ತು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಕೂಗಿ ಕೂಗಿ ಇಬ್ಬರ ಗಂಟಲೂ ಕಟ್ಟಿತು. ಸಂಜೆ ಮನೆಗೆ ಬಂದರೆ ಸೀರೆಯ ಅಂಚಿನ ಉಣ್ಣಿ ಕೀಳುವುದೇ ಒಂದು ಕೆಲಸ. ಊಟಕ್ಕೆ ಕೂತಾಗಲೂ ಕಣ್ಣೆದುರು ಕಾಲು, ಬಾಲ, ಕಿವಿ. ಚಿತ್ರ ಬರೆಯುವುದೆಂದರೆ ನನಗೆ ಒಂದು ಕಾಲದಲ್ಲಿ ಇಷ್ಟವಿತ್ತು ಎನ್ನುವುದು ಬೇರೆ ಯಾರದೋ ವಿಷಯದಂತೆ ನೆನಪಾಗುತ್ತಿತ್ತು.

ಆರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಬುತ್ತಿ ಉಣ್ಣುವಾಗ, ಎಡಕಿವಿ ಎಂದರೆ ನಾಯಿಯ ಎಡವೋ ನಿಮ್ಮ ಎಡವೋ ಎಂದು ಸುಮ್ಮನೆ ಕೇಳಿದೆ. ಅವರು ತುತ್ತು ನಿಲ್ಲಿಸಿದರು.

"ನಾಯಿಗೆ ಎದುರಾಗಿ ಕೂತ್ರೆ ನನ್ನ ಎಡ," ಎಂದರು. ಆಮೇಲೆ, "ಹಿಂದೆ ಕೂತದೂ ಉಟ್ಟು," ಎಂದರು; ಹಿಂದೆ ಕೂತದ್ದೂ ಉಂಟಂತೆ.

ಯಾವುದಕ್ಕೆ ಎದುರು ಕೂತಿದ್ದರು, ಯಾವುದಕ್ಕೆ ಹಿಂದೆ ಎಂಬುದು ಅವರಿಗೆ ನೆನಪಿರಲಿಲ್ಲ. ಕಿವಿ ಮುರಿದವು, ಕಾಲು ಹೋದವು, ತಲೆ ಒಂದು ಕಡೆಗೆ ತಿರುಗಿದವು, ಎಲ್ಲ ಸೇರಿ ಇಪ್ಪತ್ತು ಹಾಳೆಗಳ ಮೇಲೆ ಅನುಮಾನ ಬಂತು. ಇರಲಿ ಬಿಡಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವರು ಎರಡು ವಾರ ಮತ್ತೆ ಅದೇ ನಾಯಿಗಳನ್ನು ಹುಡುಕಿ, ತರಗೆಲೆ ಸರಿಸಿ, ಮೊಣಕಾಲೂರಿ ಅಳೆದರು. ಒಂದು ದಿನ ಗಡಿಗೆ ಬಂದವರು ಕಲ್ಲನ್ನು ಹಿಡಿದು ನಿಂತುಬಿಟ್ಟರು. ಮೈ ಸುಡುತ್ತಿತ್ತು.

ಜ್ವರ ಒಂಬತ್ತು ದಿನ ಬಿಡಲಿಲ್ಲ. ನಾಲ್ಕನೆಯ ದಿನ ಅವರ ಹೆಂಡತಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು: "ನಿಮ್ಗೆ ಕೂತಲ್ಲಿ ಕೆಲ್ಸ. ಅವ್ಕೆ ಅರವತ್ತು ದಾಟಿಯುಟ್ಟು."

ಮಂಚದ ಮೇಲೆ ಹರಡಿದ್ದ ಹಾಳೆಗಳನ್ನು ಕಂಡು ಒಳಗೆ ಬಂದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದೊಂದನ್ನೇ ಎತ್ತಿ ನೋಡತೊಡಗಿದರು. ಮದುವೆಯಾಗಿ ಬಂದಾಗಿನಿಂದ ಆ ಕಾಡಿನ ಪಕ್ಕದಲ್ಲೇ ಇದ್ದವರು. ಅವರೂ ಆ ನಾಯಿಗಳನ್ನು ಕಂಡವರಲ್ಲ. ಆ ವಿಚಾರ ನನಗೆ ಅಲ್ಲಿಯವರೆಗೆ ತೋಚಿರಲಿಲ್ಲ. ಹಾಳೆಯ ಮೂಲೆಯಲ್ಲಿ ಬರೆದಿದ್ದ ಇಂಚುಗಳನ್ನು ಓದಿ ಹೇಳಿದೆ. ಅವರು ಎರಡು ಕೈಗಳ ನಡುವೆ ಆ ಉದ್ದವನ್ನು ಹಿಡಿದು ನೋಡಿದರು.

"ಇಷ್ಟೇಯಾ?" ಎಂದರು. "ನಾ ದೊಡ್ಡದು ಅಂತ ತಿಳ್ಕೊಂಡಿದ್ದೆ."

ಆಗ ಎಂಬತ್ತೊಂದು ಮುಗಿದಿದ್ದವು. ಉಳಿದ ಹತ್ತೊಂಬತ್ತನ್ನು ಊಹಿಸಿ ಬರೆದರೆ ಯಾರಿಗೂ ತಿಳಿಯದು; ಕೈ ಪಳಗಿತ್ತು. ಮೂರನ್ನು ಬರೆದೂಬಿಟ್ಟೆ. ಜ್ವರ ಇಳಿದ ಮೇಲೆ ರೈಟರು ಗೋಡೆಗೊರಗಿ ಕೂತು ಹಾಳೆಗಳನ್ನು ಕೇಳಿದರು. ನೋಡುತ್ತಾ ಬಂದವರು ಎಂಬತ್ತೆರಡನೆಯದರ ಹತ್ತಿರ ನಿಂತರು.

"ಈ ನಾಯಿ ಅಲ್ಲಿ ಇಲ್ಲೆ," ಎಂದರು.

ಮುಂದಿನ ಎರಡಕ್ಕೂ ಅದೇ ಮಾತು. ಬೈಯಲಿಲ್ಲ, ನಾಳೆಯಿಂದ ಮತ್ತೆ ಅಳೆಯಲು ಹೋಗುತ್ತೇನೆ ಎಂದರಷ್ಟೆ. ಬೇಡ ಎಂದೆ. ಮೂರನ್ನೂ ಒಲೆಗೆ ಹಾಕಿ ಆ ವಾರವೇ ಬಸ್ಸು ಹತ್ತಿದೆ.

ವರದಿಯ ಕೊನೆಯಲ್ಲಿ ಒಂದು ಪುಟ ಸೇರಿಸಿದೆ: ಈ ನಾಯಿಗಳನ್ನು ನಾನು ನೋಡಿಲ್ಲ, ಒಬ್ಬರು ನೋಡಿ ಹೇಳಿದ್ದನ್ನು ಬರೆದಿದ್ದೇನೆ. ಮೇಷ್ಟರು ಚಿತ್ರಗಳನ್ನು ಹೊಗಳಿದರು. ಆ ಪುಟಕ್ಕೆ ಬಂದಾಗ ಕನ್ನಡಕ ತೆಗೆದರು.

"ಇದನ್ನ ತೆಗೆದುಬಿಡಮ್ಮ. ಯಾರು ಕೇಳಿದಾರೆ?"

ತೆಗೆಯುವುದಿಲ್ಲ ಎಂದೆ. ಧೈರ್ಯದಿಂದ ಹೇಳಿದ ಮಾತಲ್ಲ ಅದು. ಸುಳ್ಳನ್ನು ನೆನಪಿಟ್ಟುಕೊಂಡು ನಿಭಾಯಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅವರು ನಿಟ್ಟುಸಿರು ಬಿಟ್ಟು ಹಾಗೆಯೇ ಕಳಿಸಿದರು. ಕಣ್ಣಾರೆ ಕಾಣದೆ ಬರೆದದ್ದನ್ನು ದಾಖಲೆಯೆಂದು ಒಪ್ಪಲಾಗದು ಎಂಬ ಟಿಪ್ಪಣಿಯೊಂದಿಗೆ ಇಲಾಖೆ ಚಿತ್ರಗಳ ಕಟ್ಟನ್ನು ವಾಪಸ್ ಕಳಿಸಿತು. ಮುಂದಿನ ಚಳಿಗಾಲ ಬೇರೊಬ್ಬ ವಿದ್ಯಾರ್ಥಿ ಕ್ಯಾಮೆರಾ ತೆಗೆದುಕೊಂಡು ಹೋದನಂತೆ. ನಾನು ಡಿಪ್ಲೊಮಾ ಮುಗಿಸಿ ಹುಡುಗಿಯರ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾದೆ.

ಆ ಕಟ್ಟು ನನಗೆ ನೋಡಲೂ ಬೇಡವಾಗಿತ್ತು. ಪಾರ್ಸೆಲ್ ಮಾಡಿ ಮೂರ್ನಾಡಿಗೆ ಕಳಿಸಿದೆ. ಎರಡು ತಿಂಗಳ ಮೇಲೆ ರೈಟರ ಕಾರ್ಡು ಬಂತು, ಲೆಡ್ಜರಿನ ಅಕ್ಷರದಲ್ಲಿ. ಕಾಫಿ ಹಣ್ಣು ಕೊಯ್ಯುವ ಪಿಕಿಂಗಿಗೆ ಬರುವ ಹೆಂಗಸರು, ಅಕ್ಕಪಕ್ಕದ ಮನೆಯವರು ದಿನವೂ ಬಂದು ಚಿತ್ರ ನೋಡುತ್ತಿದ್ದಾರೆ, ತನ್ನ ಹೆಂಡತಿಯೇ ತೋರಿಸುತ್ತಾಳೆ ಎಂದು ಬರೆದಿದ್ದರು. ಊರಿನ ಕೆಲವರಿಗೆ ಇದು ಸರಿ ಕಾಣುತ್ತಿಲ್ಲ, ತಕ್ಕರು ಮಾತ್ರ ಇನ್ನೂ ಏನೂ ಹೇಳಿಲ್ಲ. ತೋರಿಸುವುದೋ ಬಿಡುವುದೋ, ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಕೊನೆಯಲ್ಲಿ ಕೇಳಿದ್ದರು.

ತೋರಿಸಿ ಎನ್ನಲು ನಾನು ಆ ಊರಿನಲ್ಲಿ ಇರುವವಳಲ್ಲ. ಬೇಡ ಎನ್ನಲು ಮನಸ್ಸು ಬರಲಿಲ್ಲ. ಭಾನುವಾರ ಯೋಚಿಸಿ ಬರೆಯೋಣವೆಂದುಕೊಂಡೆ. ಆ ಭಾನುವಾರ ತಿದ್ದಲು ನೂರ ನಲವತ್ತು ಪರೀಕ್ಷೆಯ ಹಾಳೆಗಳಿದ್ದವು, ಎಲ್ಲದರಲ್ಲೂ ಒಂದೇ ಹೂಜಿ. ಉತ್ತರ ಬರೆಯಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.