ಬಿಳಿ ಹಾಸು, ಎರೆಮಣ್ಣಿನ ಕಾಲು

೧೯೭೬ನೇ ಇಸವಿ. ಆಗಿನ ಬಿಜಾಪುರದ ಗಾಂಧಿ ಚೌಕದ ಹತ್ತಿರದ ಓಣಿಯಲ್ಲಿ ನನ್ನ ಸೀರೆ ಅಂಗಡಿಯಿತ್ತು. ಅಪ್ಪ ತೀರಿಕೊಂಡ ಮೇಲೆ ನಾನು ಗಾದಿಗೆ ಕುಳಿತು ಹನ್ನೊಂದು ವರ್ಷವಾಗಿತ್ತು. ನಮ್ಮ ಕಡೆ ಅರಿವೆ ಅಂಗಡಿಯೆಂದರೆ ಕುರ್ಚಿ ಮೇಜು ಇಲ್ಲ. ನೆಲದ ತುಂಬ ಗಾದಿ, ಅದರ ಮೇಲೆ ಬಿಳಿ ಹಾಸು. ಗಿರಾಕಿ ಚಪ್ಪಲಿ ಬಿಟ್ಟು ಬಂದು ಕೂರಬೇಕು, ನಾವು ಎದುರಿಗೆ ಸೀರೆ ಹರವಬೇಕು. ಅಪ್ಪನ ಕಾಲದಲ್ಲಿ ಹಾಸು ಸದಾ ಮಾಸಲಾಗಿರುತ್ತಿತ್ತು. ನಾನು ದಿನಾ ತೊಳೆಸಿ, ಓಣಿಯಲ್ಲೇ ಬೆಳ್ಳಗಿನ ಹಾಸು ನನ್ನದೆಂದು ಜಂಬಪಡುತ್ತಿದ್ದೆ.

ತಿಕೋಟಾ, ಬಬಲೇಶ್ವರದ ಕಡೆಯ ಹೆಣ್ಣುಮಕ್ಕಳು ಬರುವುದು ವರ್ಷ ವರ್ಷಕ್ಕೂ ಕಡಿಮೆಯಾಗುತ್ತ ಬಂದು, ಆ ವರ್ಷ ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮ ವ್ಯಾಪಾರವೆಲ್ಲ ಅವರ ಮೇಲೆಯೇ. ಇಳಕಲ್ಲ ಸೀರೆಯ ಹೊಸ ಅಂಚು ತರಿಸಿದೆ, ಟ್ಯೂಬ್‌ಲೈಟು ಹಾಕಿಸಿದೆ. ಏನು ಮಾಡಿದರೂ ಅಷ್ಟಕ್ಕಷ್ಟೇ. ಬೆಳಗಾದರೆ ಬಾಗಿಲು ತೆಗೆಯುವುದೇ ಬೇಸರವಾಗಿಬಿಟ್ಟಿತ್ತು. ದೀಪಾವಳಿಯ ಪೂಜೆ ಮುಗಿಸಿ ಅಪ್ಪನ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದೆಂದು ಮಾತಾಗಿತ್ತು.

ಹಬ್ಬಕ್ಕೆ ಹದಿನೈದು ದಿನವಿರುವಾಗ, ಬಬಲೇಶ್ವರಕ್ಕೆ ಕೊಟ್ಟಿದ್ದ ನನ್ನ ಅಕ್ಕ ಶಾಂತವ್ವ ಸೀರೆಗೆಂದು ಬಂದಳು. ಹೊಲದಿಂದ ನೇರ ಬಸ್ಸು ಹತ್ತಿದ್ದಳು. ಒಳಗೆ ಬಾರದೆ ಹೊಸ್ತಿಲ ಹೊರಗೇ ನಿಂತು, ಅಲ್ಲಿಂದಲೇ ತೋರಿಸು ಎಂದಳು. ಒಡಹುಟ್ಟಿದವಳು ಹೀಗೆ ನಿಂತರೆ ಸಿಟ್ಟು ಬಾರದೇ? ಯಾಕೆಂದು ಗದರಿಯೇ ಕೇಳಿದೆ. ಅಕ್ಕ ಕಾಲು ತೋರಿಸಿದಳು. ಹಿಮ್ಮಡಿಯ ಬಿರುಕಿನಲ್ಲೆಲ್ಲ ಹೊಲದ ಕಪ್ಪು ಎರೆಮಣ್ಣು.

"ಹ್ವಾದ ವರ್ಷ ನಾ ಎದ್ದಕೂಡ್ಲೆ ಕುಂತ ಜಾಗಾ ಕೈಲೆ ಝಾಡಿಸಿದಿ, ತಮ್ಮಾ. ನಾ ನಿನ್ನ ಅಕ್ಕ, ನನಗ ಅಷ್ಟ್ ಕೆಟ್ಟ ಅನಿಸ್ತು. ಮಂದಿಗೆ ಹ್ಯಾಂಗ ಅನಿಸಿರಬೇಕು?"

ನಾನು ಹಾಗೆ ಮಾಡಿಯೇ ಇಲ್ಲವೆಂದು ವಾದಿಸಿದೆ. ಅಕ್ಕ ವಾದಕ್ಕಿಳಿಯಲಿಲ್ಲ.

"ಸಂತಿ ದಿನ ಎದುರಿನ ಚಹಾದಂಗಡ್ಯಾಗ ಕುಂದರು. ನಿನ್ನ ಅಂಗಡಿ ನೀನ ನೋಡು," ಎಂದು ಸೀರೆ ಒಯ್ಯದೆಯೇ ಹೋದಳು.

ಸಂತೆಯ ದಿನ ಅಂಗಡಿಯನ್ನು ನಮ್ಮ ಹಳೆಯ ಗುಮಾಸ್ತ ಭೀಮಣ್ಣನಿಗೆ ಒಪ್ಪಿಸಿ, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆ. ಹನ್ನೊಂದು ವರ್ಷದಲ್ಲಿ ಅಲ್ಲಿಂದ ನನ್ನ ಅಂಗಡಿಯನ್ನು ನೋಡಿರಲೇ ಇಲ್ಲ. ಮಧ್ಯಾಹ್ನದೊಳಗೆ ಒಂಬತ್ತು ಹೆಣ್ಣುಮಕ್ಕಳು ಬಾಗಿಲ ತನಕ ಬಂದರು. ಸೀರೆ ನೋಡಿದರು, ಹಾಸು ನೋಡಿದರು, ತಮ್ಮ ಕಾಲು ನೋಡಿಕೊಂಡು ಮುಂದೆ ನಡೆದರು. ಒಬ್ಬ ಮುದುಕಿ ಮಾತ್ರ ಒಳಗೆ ಹೋಗಿ ಗಾದಿಯ ತುದಿಗೆ ಕುಳಿತಳು. ಅವಳು ಎದ್ದದ್ದೇ ತಡ, ಭೀಮಣ್ಣ ಆ ಜಾಗವನ್ನು ಅಂಗೈಯಿಂದ ಎರಡು ಸಲ ಝಾಡಿಸಿದ. ಚಪ್ಪಲಿ ಮೆಟ್ಟುತ್ತಿದ್ದ ಮುದುಕಿ ತಿರುಗಿ ಅದನ್ನು ನೋಡಿದಳು. ಭೀಮಣ್ಣನದೇನು ತಪ್ಪು? ನನ್ನನ್ನು ನೋಡಿಯೇ ಕಲಿತವನು. ನನಗೆ ಬಹಳ ನಾಚಿಕೆಯಾಯಿತು.

ಮೊದಲು ಬಾಗಿಲಲ್ಲಿ ಕಾಲು ತೊಳೆಯಲು ನೀರಿಡೋಣವೆಂದುಕೊಂಡೆ. ಅದು ನಿಮ್ಮ ಕಾಲು ಹೊಲಸು ಎಂದು ಬಾಯಿಬಿಟ್ಟು ಹೇಳಿದ ಹಾಗೆ ಎಂದ ಭೀಮಣ್ಣ. ಕೊನೆಗೆ ಗಾದಿಯನ್ನೇ ತೆಗೆಸಿ, ಸೀರೆ ಹರವಲು ಉದ್ದನೆಯ ಮೇಜು, ಗಿರಾಕಿಗಳಿಗೆ ಬೆಂಚು ಹಾಕಿಸಿದೆ. ಚಪ್ಪಲಿ ಬಿಡುವುದೂ ಬೇಡವೆಂದೆ. ಹಬ್ಬದ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು. ಅಂಗಡಿ ಬಿಟ್ಟುಕೊಡುವ ಮಾತು ಅಲ್ಲಿಗೇ ನಿಂತಿತು. ಕೂತು ವ್ಯಾಪಾರ ಮಾಡುತ್ತಿದ್ದವನು ಮುಂದೆ ಇಪ್ಪತ್ತೆರಡು ವರ್ಷ ನಿಂತೇ ಮಾಡಿದೆ. ಮೊಣಕಾಲು ಹೋದವು. ಗಿರಾಕಿ ಯಾಕೆ ಬರುತ್ತಿಲ್ಲವೆಂದು ಗಾದಿಯ ಮೇಲೆ ಕುಳಿತು ಯೋಚಿಸಿದರೆ ತಿಳಿಯುವುದಿಲ್ಲ, ಓಣಿ ದಾಟಿ ಆ ಕಡೆ ಕೂರಬೇಕು. ಈ ಧಂದೆ ನನಗೆ ಕಲಿಸಿದ್ದು ಇಷ್ಟೇ. ಅದನ್ನೂ ಪೂರ್ತಿ ಕಲಿತೆನೆಂದು ಹೇಳಲಾರೆ.

ಬೆಂಚು ಹಾಕಿಸಿದ ಮೇಲಿನ ಮೊದಲ ಯುಗಾದಿಗೆ ಅಕ್ಕ ಬಂದಳು. ಹೊಲದ ಕಾಲಿನಲ್ಲೇ ಒಳಗೆ ಬಂದು ಬೆಂಚಿನ ಮೇಲೆ ಕುಳಿತು, ಹತ್ತು ಸೀರೆ ಬಿಚ್ಚಿಸಿ ಒಂದನ್ನು ಆರಿಸಿದಳು. ಅವಳು ಎದ್ದಾಗ ನನ್ನ ಕೈ ತಾನಾಗಿಯೇ ಬೆಂಚಿನ ಕಡೆ ಹೋಯಿತು. ಅರ್ಧಕ್ಕೆ ತಡೆದೆ. ಅಕ್ಕ ಅದನ್ನು ನೋಡಿ, ಸೀರೆಯನ್ನು ಚೀಲಕ್ಕೆ ಹಾಕಿಕೊಂಡಳು.