ರಬ್ಬರಿಗೆ ಸವರಿದ ಆಯಿಲ್

ಹಗ್ಗ ಸಡಿಲ ಇರಲಿಲ್ಲ, ಸಿದ್ದಪ್ಪ. ನೀನು ಬಿಗಿಯಾಗಿಯೇ ಕಟ್ಟಿದ್ದೆ. ಅದು ಗೊತ್ತಿದ್ದೂ ಎಲ್ಲರೆದುರು ಸುಳ್ಳು ಹೇಳಿದವನು ನಾನು — ನಿಪ್ಪಾಣಿಯ ಗ್ಯಾರೇಜಿನ ಮೇಸ್ತ್ರಿ, ನೀನು ಇವತ್ತಿಗೂ ‘ಕಾಕಾ’ ಎಂದು ಕರೆಯುವವನು.

ತೊಂಬತ್ತರ ದಶಕದ ಆ ವರ್ಷ ನಿನ್ನ ಅಣ್ಣ ಯಲ್ಲಪ್ಪ ಏಕಸಂಬಿಯಿಂದ ಹಳೆಯ ಪಿಕಪ್ ತಂದು ನಿಲ್ಲಿಸಿದ್ದ. ಕುರಿಗಳ ಹಿಂದೆ ಊರೂರು ಅಲೆಯುವಾಗ ಗಂಟುಮೂಟೆಯನ್ನು ಕುದುರೆಯ ಮೇಲೆ ಹೇರುವುದು ಸಾಕಾಗಿ, ಮಲಗಲು ಒಂದು ತಗಡಿನ ಮನೆಯನ್ನೇ ಗಾಡಿಯ ಮೇಲೆ ಕೂರಿಸಬೇಕೆಂಬ ಹುಚ್ಚು ಅವನಿಗೆ. ಬೇಕೆಂದಾಗ ಇಳಿಸುವಂತಿರಬೇಕು, ಬೋಲ್ಟ್ ಬೇಡ, ಹಗ್ಗ ಸಾಕು ಎಂದ. ಗಾಡಿಯ ತಳಕ್ಕೆ ಏನು ಹಾಸಬೇಕೆಂದು ಮೂವರೂ ಒಂದು ಮಧ್ಯಾಹ್ನವಿಡೀ ವಾದ ಮಾಡಿದೆವು. ಅವನಿಗೆ ಹೊಳೆಯುವ ತಗಡು ಬೇಕು. ನಾನು ಗುಜರಿಯಲ್ಲಿ ಸಿಕ್ಕ ದಪ್ಪ ರಬ್ಬರ್ ಪಟ್ಟಿಯನ್ನೇ ಹಾಸಿದೆ. “ತಗಡ ಜಾರತೈತಿ. ಇದು ಹಿಡದ್ರ ಬಿಡಂಗಿಲ್ಲ ನೋಡೋ,” ಎಂದು ಎದೆ ತಟ್ಟಿಕೊಂಡೆ.

ಆಯ್ಕೆ ತಪ್ಪಾಗಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ —

ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಗ್ಯಾರೇಜಿನ ಗಾಡಿಗಳೆಲ್ಲ ಮಿರಿಮಿರಿ ಮಿಂಚಬೇಕು. ಟೈರಿಗೆ ಸುಟ್ಟ ಆಯಿಲ್ ಸವರಿ ಕಪ್ಪಗೆ ಮಾಡುವುದು ನಮ್ಮ ವಾಡಿಕೆ. ಬೂದಿ ಬಣ್ಣದ ಆ ಪಟ್ಟಿ ಪೂಜೆಗೆ ಬಂದವರ ಕಣ್ಣಿಗೆ ಗುಜರಿಯಾಗಿ ಕಾಣಬಾರದೆಂದು — ಬರೀ ಒಣ ಜಂಭ — ಅದಕ್ಕೂ ಸವರಿದೆ. ಮರುದಿನ ಅದರ ಮೇಲೆಯೇ ಮನೆ ಏರಿಸಿದಿರಿ. ಪೂಜೆಯ ಹೊಳಪು ಎಂದುಕೊಂಡಿರಿ. ಜಾರುವ ಆ ಆಯಿಲನ್ನು ಒರೆಸಬೇಕಿತ್ತು. ನನಗೆ ನೆನಪೂ ಆಗಿತ್ತು. ಹೊರಡುವ ಹುಮ್ಮಸ್ಸಿನಲ್ಲಿದ್ದ ನಿಮ್ಮನ್ನು ತಡೆದು, ನನ್ನ ಕೆಲಸದಲ್ಲೇ ಐಬಿದೆ ಎಂದು ಹೇಳುವುದು —

ಹೇಳಲಿಲ್ಲ.

ತವಂದಿ ಘಾಟಿನ ಏರಿನಲ್ಲಿ ಗಾಡಿ ನಿಂತಿತು. ನಿನ್ನ ಅತ್ತಿಗೆ ಸಾವಕ್ಕ ಗಾಲಿಗೆ ಕಲ್ಲು ಕೊಡಲು ಇಳಿದಳು. ಮನೆ ಹಿಂದಕ್ಕೆ ಜಾರಿತು, ಹಗ್ಗ ಹರಿಯಿತು, ಮನೆ ಅವಳ ಕಾಲ ಮೇಲೆಯೇ ಬಿತ್ತು. ಅವಳ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು.

ಸುದ್ದಿ ಕೇಳಿ ಓಡಿದೆ. ಅಷ್ಟರಲ್ಲಿ ನೀವೆಲ್ಲ ಅವಳನ್ನು ದವಾಖಾನೆಗೆ ಒಯ್ದಿದ್ದಿರಿ. ನಾನು ಮಾಡಿದ ಮೊದಲ ಕೆಲಸ, ಆ ಪಟ್ಟಿಯನ್ನು ಕಿತ್ತು ಸೋಡಾ ಹಾಕಿ ತಿಕ್ಕಿದ್ದು. ಆಮೇಲೆ ದವಾಖಾನೆಗೆ ಬಂದೆ. “ಹ್ಯಾಂಗ ಜಾರಿತ್ರಿ, ಮೇಸ್ತ್ರಿ?” ಎಂದು ಯಲ್ಲಪ್ಪ ಕೇಳಿದ.

“ನಿನ್ನ ತಮ್ಮ ಹಗ್ಗ ಸಡಲ ಬಿಟ್ಟಾನ. ಜೋಲಿ ಹೊಡದು ಹರದೈತಿ.”

ನೀನು ಅಲ್ಲೇ ಇದ್ದೆ. ಹಗ್ಗ ಕಟ್ಟಿದ ನಿನ್ನ ಕೈಗಳನ್ನೇ ನೀನು ನೋಡಿಕೊಂಡೆ. ಅಣ್ಣ ನಿನ್ನನ್ನು ಹೊಸ್ತಿಲು ತುಳಿಯಗೊಡಲಿಲ್ಲ. ನೀನು ಕುರಿ ಬಿಟ್ಟು ಐನಾಪುರದಲ್ಲಿ ಕೂಲಿಗೆ ನಿಂತೆ. ನಾನು ಎಂದಿನಂತೆ ಗ್ಯಾರೇಜು ನಡೆಸಿಕೊಂಡು ಹೋದೆ.

ಹೋದ ವಾರ ಬಂದಿದ್ದೆಯಲ್ಲ, ಮಗಳ ಮದುವೆಯ ಸಾಮಾನನ್ನು ಟೆಂಪೋದಲ್ಲಿ ಹೇರಿಕೊಂಡು. “ಕಾಕಾ, ಹಗ್ಗ ಒಂದೀಟ ಜಗ್ಗಿ ನೋಡ್ರಿ. ನಾ ಕಟ್ಟಿದ್ದು ನನಗ ನಂಬಿಗಿ ಬರಂಗಿಲ್ಲ,” ಎಂದೆ. ನಾನು ಜಗ್ಗಿದೆ. ಕಲ್ಲಿನಷ್ಟು ಬಿಗಿಯಾಗಿತ್ತು. “ಛಲೋ ಐತಿ,” ಎಂದಷ್ಟೇ ಹೇಳಿ ಕಳುಹಿಸಿದೆ.

ನಾಳೆ ಏಕಸಂಬಿಗೆ ಹೋಗುತ್ತೇನೆ. ಮೊದಲು ಸಾವಕ್ಕನ ಮುಂದೆ, ಆಮೇಲೆ ನಿನ್ನ ಅಣ್ಣನ ಮುಂದೆ ಇದೆಲ್ಲವನ್ನೂ ಹೇಳುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವ ಮುಖ ನನಗಿಲ್ಲ. ಮದುವೆಯ ದಿನ ಅವರಿಬ್ಬರೂ ನಿನ್ನ ಪಕ್ಕದಲ್ಲಿ ನಿಲ್ಲಲಿ. ನಾನು ಬರುವುದಿಲ್ಲ.